ಮುಚ್ಚಳ ಬಿಡಲಿಲ್ಲ, ಕಾಲು ಏಳಲಿಲ್ಲ

"ಜಪಾನಿನ ಕ್ಯೋಟೋಗೆ ಹೋಗಿ ಕೈಸೆಕಿ ಊಟ ಮಾಡದೆ ಬರ್ತೀಯೇನೋ?" ಎಂದು ಮೂರು ತಿಂಗಳು ನನ್ನ ತಲೆ ತಿಂದವನು ಗಿರಿ. ಈಗ ಕೇಳಿದರೆ ತಾನು ಹೇಳಿದ್ದು ಬೇರೆ ಹೋಟೆಲ್ ಅಂತೆ.

"ಜಗಳ ಆಮೇಲೆ. ಏನಾಯ್ತು ಹೇಳು ಮೊದಲು," ಎಂದಳು ಮಾಲಿನಿ.

ಗಿಯೋನ್ ಬಡಾವಣೆ ಕಡೆಯ ಒಂದು ಓಣಿ. ಹಳೇ ಮರದ ಮನೆ, ಬಾಗಿಲಿಗೆ ನೀಲಿ ನೊರೆನ್ ಪರದೆ. ಬೂಟು ಬಿಚ್ಚಿದೆ. ಕಾಲುಚೀಲದ ತೂತಿನಿಂದ ಹೆಬ್ಬೆರಳು ಇಣುಕಿತು. ಕಿಮೊನೊ ಉಟ್ಟ ಅಜ್ಜಿ ನೋಡಿಯೂ ನೋಡದ ಹಾಗೆ ನೆಲಕ್ಕೆ ತಲೆ ಬಾಗಿಸಿದರು. ಅಷ್ಟು ಮರ್ಯಾದೆ ನನಗೆ ನನ್ನ ಮದುವೆಯಲ್ಲೂ ಸಿಕ್ಕಿರಲಿಲ್ಲ.

ತತಾಮಿ ಚಾಪೆ ಮೇಲೆ ಮಂಡಿ ಮಡಚಿ ಕೂತೆ. ಐದೇ ನಿಮಿಷಕ್ಕೆ ಜೋಮು. ಹತ್ತು ನಿಮಿಷಕ್ಕೆ ಕಾಲು ನನ್ನದೋ ಮೇಜಿನದೋ ಗೊತ್ತಾಗಲಿಲ್ಲ.

"ಚಕ್ಕಳಮಕ್ಕಳ ಹಾಕಬಹುದಿತ್ತಲ್ವಾ? ಅಲ್ಲಿನ ಗಂಡಸರೂ ಹಾಗೆ ಕೂರ್ತಾರೆ," ಎಂದ ಗಿರಿ. ಈಗ ಹೇಳ್ತಾನೆ!

ಮೊದಲು ಬಂದದ್ದು ಎಳ್ಳಿನ ತೋಫು, ಒಂದೇ ತುತ್ತು. ಚೆನ್ನಾಗಿತ್ತು, ಸುಳ್ಳು ಹೇಳಬಾರದು.

"ಕೈಸೆಕಿ ಅಂದ್ರೆ ಹಾಗೇ. ಸ್ವಲ್ಪ ಸ್ವಲ್ಪ, ಒಂದಾದ ಮೇಲೊಂದು."

"ಕಡಿಮೆ ಕೊಟ್ರು ಅಂತ ನನ್ನ ತಕರಾರೇ ಅಲ್ಲ ಮಾರಾಯ. ಸಾರಿನ ಕಥೆ ಕೇಳು."

ಅರಗು ಬಳಿದ ಕಪ್ಪು ಬಟ್ಟಲು. ಮುಚ್ಚಳ ಎತ್ತಿದರೆ ಇಡೀ ಬಟ್ಟಲೇ ಮೇಲೆ ಬಂತು. ಜಗ್ಗಿದೆ. ಊಹೂಂ. ಅಜ್ಜಿ ಬಂದು ಬಟ್ಟಲಿನ ಅಂಚನ್ನು ಎರಡೂ ಕಡೆಯಿಂದ ಮೆಲ್ಲಗೆ ಒತ್ತಿದರು. ಟಪ್ ಅಂತ ಬಿಟ್ಟುಕೊಂಡಿತು. ಒಳಗಿನ ಸಾರು ಆರುತ್ತಾ ಹೋದ ಹಾಗೆ ಮುಚ್ಚಳ ಹೀಗೆ ಕಚ್ಚಿಕೊಳ್ಳುತ್ತದಂತೆ. ಅಂದರೆ ಕುಡಿಯುವ ಮೊದಲೇ ಸಾಕ್ಷಿ ಸಿಕ್ಕಿತ್ತು: ಸಾರು ತಣ್ಣಗಾಗಿದೆ! ಕೊಂಬು ಅನ್ನೋ ಕಡಲಪಾಚಿ, ಕತ್ಸುವೊಬುಶಿ ಅನ್ನೋ ಒಣಮೀನಿನ ಚೂರು ಹಾಕಿ ತೆಗೆದ ದಾಶಿ ಎಂಬ ತಿಳಿಸಾರು, ಕುಡಿದರೆ ಉಗುರುಬೆಚ್ಚಗಿನ ಸಮುದ್ರ.

ಆಮೇಲೆ ತೆಂಪುರಾ, ಅಂದರೆ ಹಿಟ್ಟಿನಲ್ಲಿ ಅದ್ದಿ ಕರಿದದ್ದು. ಅದನ್ನು ಎಣ್ಣೆಯಿಂದ ಎತ್ತಿದ ಕೂಡಲೇ ತಿನ್ನಬೇಕು. ನನ್ನ ತಟ್ಟೆಯಲ್ಲಿ ಸೀಗಡಿ ಒಂದು ಕಡೆ, ಅದರ ಒದ್ದೆ ಅಂಗಿ ಇನ್ನೊಂದು ಕಡೆ.

"ಬಿಲ್ಲು?"

"ಊಟ 18,000 ಯೆನ್. ಅದರ ಮೇಲೆ ಸರ್ವಿಸ್ ಚಾರ್ಜ್ ನೂರಕ್ಕೆ ಹತ್ತು. ಅದರ ಮೇಲೆ ತೆರಿಗೆ ನೂರಕ್ಕೆ ಹತ್ತು. ಒಟ್ಟು 21,780."

"ಟಿಪ್ಸ್?"

"ಅಲ್ಲಿ ಆ ಪದ್ಧತಿ ಇಲ್ಲ. ಅದೊಂದೇ ಪುಣ್ಯ."

"ಸುಮ್ನೆ ಎದ್ದು ಬಂದ್ಯಾ? ಒಂದು ಮಾತೂ ಹೇಳಲಿಲ್ವಾ?" ಮಾಲಿನಿಗೆ ಸಿಟ್ಟೇ ಬಂತು.

ಹೇಳಿದೆ. ಅಜ್ಜಿ ಮತ್ತೆ ನೆಲಕ್ಕೆ ಬಾಗಿದಾಗ "ಓಯಿಶಿಕತ್ತ ದೆಸು" ಅಂದೆ. ತುಂಬಾ ರುಚಿಯಾಗಿತ್ತು ಅಂತ! ನನಗೆ ಬರುವ ಜಪಾನಿ ಮಾತು ನಾಲ್ಕೋ ಐದೋ. ಎಲ್ಲವೂ ಹೊಗಳುವುದಕ್ಕೇ ಇರುವಂಥವು. ಆ ರಾತ್ರಿ ರೈಲು ನಿಲ್ದಾಣದಲ್ಲಿ ನಿಂತುಕೊಂಡೇ ಒಂದು ಬಟ್ಟಲು ಬಿಸಿ ಸೋಬಾ ನೂಡಲ್ಸ್ ಸೊರ್ ಎಂದು ಹೀರಿದೆ. ನಾಲಿಗೆ ಸುಟ್ಟಿತು. ಎಷ್ಟು ಖುಷಿಯಾಯಿತು ಗೊತ್ತಾ!

ಗಿರಿ ಗಲ್ಲ ಕೆರೆದುಕೊಂಡ. "ಕೊನೆಗೆ ಬುಬುಜುಕೆ ತಿಂತೀರಾ ಅಂತ ಕೇಳಿದ್ರಾ? ಅನ್ನಕ್ಕೆ ಟೀ ಸುರಿದದ್ದು. ಕ್ಯೋಟೋದವರು ಹಾಗೆ ಕೇಳಿದ್ರೆ 'ಇನ್ನು ಹೊರಡಿ' ಅಂತ ಅರ್ಥ ಅನ್ನೋ ಹಳೇ ತಮಾಷೆ ಇದೆ."

"ಕೇಳಿದ್ರೂ ಏನು ಮಾಡ್ಲಿ? ಹೊರಡೋಕೆ ಕಾಲು ಏಳಬೇಕಲ್ಲ!"