ಸಮ್ಮೇಳನದಲ್ಲಿ ಪ್ರಶ್ನೆಗೆ ಉಳಿಯುವ ಸಮಯವೆಷ್ಟು?

ತಾಲ್ಲೂಕು ಆಸ್ಪತ್ರೆಯ ಮಕ್ಕಳ ವೈದ್ಯೆ:
ಕಳೆದ ತಿಂಗಳು ನಮ್ಮ ಸಂಘದ ರಾಜ್ಯ ಸಮ್ಮೇಳನಕ್ಕೆ ಹೋಗಿ ಬಂದೆ. ನಮ್ಮ ಆಸ್ಪತ್ರೆಯಲ್ಲಿ ಮಕ್ಕಳ ವೈದ್ಯೆ ನಾನೊಬ್ಬಳೇ ಆದ್ದರಿಂದ, ಎರಡು ದಿನ ನನ್ನ ಕೆಲಸ ನೋಡಿಕೊಳ್ಳಲು ಪಕ್ಕದ ತಾಲ್ಲೂಕಿನ ಸಹೋದ್ಯೋಗಿಯನ್ನು ಒಪ್ಪಿಸಿ ರಾತ್ರಿ ಬಸ್ಸಿನಲ್ಲಿ ಹೊರಟಿದ್ದೆ. ಹತ್ತು ಗಂಟೆಯ ಉದ್ಘಾಟನೆ ಹನ್ನೊಂದೂವರೆಗೆ ಆರಂಭವಾಯಿತು. ಪ್ರಾರ್ಥನೆ, ಸ್ವಾಗತ, ದೀಪ ಬೆಳಗಿಸುವುದು, ಸ್ಮರಣ ಸಂಚಿಕೆಯ ಬಿಡುಗಡೆ, ವೇದಿಕೆಯಲ್ಲಿದ್ದ ಹದಿನಾಲ್ಕು ಮಂದಿಗೂ ಶಾಲು, ಹಾರ, ಪೇಟ, ಇವೆಲ್ಲ ಮುಗಿಯುವಾಗ ಊಟದ ಹೊತ್ತು ಮೀರಿತ್ತು. ಆ ನಷ್ಟವನ್ನು ತುಂಬಿಸಿಕೊಂಡದ್ದು ಮಧ್ಯಾಹ್ನದ ಪ್ರಬಂಧ ಮಂಡನೆಗಳ ಸಮಯದಿಂದ. ಎಂಟು ನಿಮಿಷವೆಂದು ತಿಳಿಸಿದ್ದ ನನ್ನ ಸರದಿ ಬಂದಾಗ ಅದು ನಾಲ್ಕಾಗಿತ್ತು, ಪ್ರಶ್ನೋತ್ತರವಂತೂ ಇಲ್ಲವೇ ಇಲ್ಲ.

ನನ್ನ ವಿಷಯ ನವಜಾತ ಶಿಶುಗಳ ಕಾಮಾಲೆ. ಬೆಳಕಿನ ಚಿಕಿತ್ಸೆಯ ದೀಪ ನಮ್ಮಲ್ಲಿದೆ, ರಕ್ತ ಬದಲಾಯಿಸುವ ವ್ಯವಸ್ಥೆ ಇಲ್ಲ. ಜಿಲ್ಲಾ ಆಸ್ಪತ್ರೆ ತಲುಪಲು ಎರಡು ಗಂಟೆ ಬೇಕು. ರಕ್ತದಲ್ಲಿ ಹೆಚ್ಚಾಗಿ ಮೈಯನ್ನು ಹಳದಿಯಾಗಿಸುವ ಬಿಲಿರುಬಿನ್ ಯಾವ ಮಟ್ಟಕ್ಕೆ ಬಂದಾಗ ಆಂಬ್ಯುಲೆನ್ಸ್ ಕರೆಯಬೇಕೆಂದು ಪುಸ್ತಕದಲ್ಲಿರುವ ಕೋಷ್ಟಕ ಹೇಳುತ್ತದೆ, ಆದರೆ ಆ ಎರಡು ಗಂಟೆಯ ದಾರಿಯನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನಮ್ಮಂಥದೇ ಆಸ್ಪತ್ರೆಗಳಲ್ಲಿ ಇಪ್ಪತ್ತು ವರ್ಷ ದುಡಿದವರು ಆ ಸಭಾಂಗಣದಲ್ಲಿ ಖಂಡಿತ ಇದ್ದರು, ಅವರನ್ನು ಕೇಳಬೇಕೆಂದೇ ನಾನು ಹೋಗಿದ್ದೆ. ಕೇಳಲಾಗದೆ ಹಿಂತಿರುಗಿದೆ. ಸಮ್ಮೇಳನವನ್ನು ಯೋಜಿಸುವಾಗ ಪ್ರಶ್ನೋತ್ತರಕ್ಕೆ ಮೊದಲು ಜಾಗ ಕೊಟ್ಟು, ಉಳಿದದ್ದನ್ನು ಅದರ ಸುತ್ತ ಹೊಂದಿಸಲು ಸಾಧ್ಯವಿಲ್ಲವೇ?

ಮಾಜಿ ಸಂಘಟನಾ ಕಾರ್ಯದರ್ಶಿ:
ಮೇಡಂ, ತಮ್ಮ ನೋವು ನನಗೆ ಅರ್ಥವಾಗುತ್ತದೆ. ಎರಡು ರಾಜ್ಯ ಸಮ್ಮೇಳನಗಳ ಹೊಣೆ ಹೊತ್ತವನಾಗಿ ಇನ್ನೊಂದು ಬದಿಯನ್ನೂ ಹೇಳಬೇಕಾಗಿದೆ. ಸಭಾಂಗಣವನ್ನು ಬಾಡಿಗೆಯಿಲ್ಲದೆ ಕೊಟ್ಟ ಸಂಸ್ಥೆಯ ಆಡಳಿತ ಮಂಡಳಿಯವರನ್ನು ವೇದಿಕೆಗೆ ಕರೆಯದಿರಲಾಗದು. ನಮಗೆಲ್ಲ ಪಾಠ ಹೇಳಿ ನಿವೃತ್ತರಾದ ಪ್ರಾಧ್ಯಾಪಕರಿಗೆ ಒಂದು ಶಾಲು ಹೊದಿಸುವುದನ್ನು ಸಮಯದ ಅಪವ್ಯಯವೆಂದು ನಾನು ಎಂದೂ ಒಪ್ಪಲಾರೆ, ಏಕೆಂದರೆ ಅವರಲ್ಲಿ ಕೆಲವರಿಗೆ ಸಹೋದ್ಯೋಗಿಗಳ ಮುಂದೆ ಸಿಗುವ ಕೊನೆಯ ಗೌರವ ಅದೇ ಆಗಿರುತ್ತದೆ.

ಹಣದ ಮಾತೂ ಇದೆ. ಪ್ರತಿನಿಧಿ ಶುಲ್ಕದ ಮೇಲೆ ಶೇ. 18 ಜಿಎಸ್‌ಟಿ ಸೇರಿದ ಕೂಡಲೇ ಕಿರಿಯ ವೈದ್ಯರು ಹಿಂಜರಿಯುತ್ತಾರೆ. ಶುಲ್ಕ ಇಳಿಸಬೇಕಾದರೆ ಕಂಪನಿಗಳ ಮಳಿಗೆಗಳು ಬೇಕು. ಮಳಿಗೆ ಹಾಕಿದವರು ಜನ ತಮ್ಮ ಬಳಿ ಸುಳಿದಾಡಲೆಂದು ದೀರ್ಘ ಚಹಾ ವಿರಾಮವನ್ನೂ, ಪ್ರಾಯೋಜಿತ ಉಪನ್ಯಾಸವನ್ನೂ ಕೇಳುತ್ತಾರೆ.

ವೈದ್ಯಕೀಯ ಕಾಲೇಜಿನ ಬೋಧಕ:
ಸರ್, ಗೌರವಿಸುವುದಕ್ಕೆ ಇಲ್ಲಿ ಯಾರ ಆಕ್ಷೇಪವೂ ಇಲ್ಲ. ಆದರೆ ನಾವು ಸಮ್ಮೇಳನ ನಡೆಸುವುದು ಯಾವುದಕ್ಕೆಂದು ಒಮ್ಮೆ ನೋಡಬೇಕು. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನೀತಿ ನಿಯಮಗಳು ಐದು ವರ್ಷಕ್ಕೆ ಕನಿಷ್ಠ 30 ಗಂಟೆಗಳ ವೃತ್ತಿಯ ನಡುವೆಯೂ ಮುಂದುವರಿಯುವ ಶಿಕ್ಷಣವನ್ನು ವೈದ್ಯರಿಂದ ಬಯಸುತ್ತವೆ. ನಾವು ಆ ಗಂಟೆಗಳನ್ನು ನೋಂದಣಿ ಪುಸ್ತಕದ ಸಹಿಯಿಂದ ಎಣಿಸುತ್ತಿದ್ದೇವೆ. ಬೆಳಿಗ್ಗೆ ಸಹಿ ಹಾಕಿ, ಚೀಲ ಪಡೆದು, ಊಟ ಮುಗಿಸಿ ಹೊರಟವರಿಗೂ ಕಡೆಯವರೆಗೆ ಕುಳಿತವರಿಗೂ ಒಂದೇ ಪ್ರಮಾಣಪತ್ರ.

ಕಡೆಯವರೆಗೆ ಕುಳಿತವರಾದರೂ ಏನನ್ನು ಕಲಿತರು? 1999ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಡೇವ್ ಡೇವಿಸ್ ಮತ್ತು ಸಂಗಡಿಗರು ಇಂಥ ಶಿಕ್ಷಣದ ಮೇಲಿನ ಪ್ರಯೋಗಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದರು. ಸುಮ್ಮನೆ ಕೇಳಿಸಿಕೊಳ್ಳುವ ಉಪನ್ಯಾಸದಿಂದ ವೈದ್ಯರ ನಡವಳಿಕೆ ಬದಲಾದಂತೆ ಕಾಣಲಿಲ್ಲ. ಚರ್ಚಿಸಿ, ಕೈಯಾರೆ ಮಾಡಿ ನೋಡಿದ ಕಡೆ ಬದಲಾವಣೆ ಕಂಡಿತು. ಹೀಗಿರುವಾಗ ಸಮಯ ಸಾಲದಾದ ಕೂಡಲೇ ನಾವು ಮೊದಲು ಕತ್ತರಿಸುವುದು ಚರ್ಚೆಯನ್ನು, ಅಂದರೆ ಕೆಲಸಕ್ಕೆ ಬರುವ ಒಂದೇ ಭಾಗವನ್ನು.

1931ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ನೀಲ್ ಗೋರ್ಡನ್ ಆರಂಭಿಸಿದ ಸಂಶೋಧನಾ ಸಮ್ಮೇಳನಗಳಲ್ಲಿ ಬೆಳಿಗ್ಗೆ ಮತ್ತು ಸಂಜೆ ಮಾತ್ರ ಗೋಷ್ಠಿಗಳು. ಮಧ್ಯಾಹ್ನವನ್ನು ಪರಸ್ಪರ ಮಾತಿಗೆಂದೇ ಬಿಡುತ್ತಾರೆ. ಅಲ್ಲಿ ಹೇಳಿದ್ದನ್ನು ದಾಖಲಿಸುವಂತಿಲ್ಲ, ಚಿತ್ರ ತೆಗೆಯುವಂತಿಲ್ಲ. ಆದ್ದರಿಂದ ಇನ್ನೂ ಪೂರ್ತಿಯಾಗದ ಕೆಲಸವನ್ನೂ ಸೋತ ಪ್ರಯೋಗವನ್ನೂ ಜನ ಧೈರ್ಯವಾಗಿ ಮುಂದಿಡುತ್ತಾರೆ. ನಮ್ಮಲ್ಲೂ ಕೈತಪ್ಪಿದ ರೋಗಿಯ ಬಗ್ಗೆ ಮಾತನಾಡಲು ಅಂಥ ಒಂದು ಕೋಣೆ ಬೇಕೆಂದು ನಾನು ಬಹಳ ವರ್ಷದಿಂದ ಹೇಳುತ್ತಲೇ ಇದ್ದೇನೆ.

ಸ್ನಾತಕೋತ್ತರ ವಿದ್ಯಾರ್ಥಿನಿ:
ಪ್ರಶ್ನೋತ್ತರಕ್ಕೆ ಸಮಯ ಕೊಟ್ಟರಷ್ಟೇ ಸಾಲದು, ಮೊದಲು ಯಾರಿಗೆ ಮೈಕು ಕೊಡುತ್ತೀರಿ ಎಂಬುದೂ ಮುಖ್ಯ. ಹತ್ತು ದೇಶಗಳ 247 ವಿಚಾರ ಸಂಕಿರಣಗಳನ್ನು ಗಮನಿಸಿ 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲ ಪ್ರಶ್ನೆ ಗಂಡಸರಿಂದ ಬಂದಾಗ ಆಮೇಲೆ ಹೆಂಗಸರು ಕೇಳುವ ಪ್ರಶ್ನೆಗಳ ಪಾಲು ಕಡಿಮೆಯಾಗುತ್ತಿತ್ತು ಎಂದು ಕಂಡುಬಂದಿದೆ. ನಮ್ಮ ಗೋಷ್ಠಿಗಳಲ್ಲಿ ಮೊದಲ ಮೈಕು ಎಂದಿನಂತೆ ಮುಂದಿನ ಸಾಲಿನ ಹಿರಿಯರಿಗೆ ಹೋಗುತ್ತದೆ, ಅವರು ಪ್ರಶ್ನೆಯ ಬದಲು ತಮ್ಮ ಅನುಭವವನ್ನು ಹೇಳುವಷ್ಟರಲ್ಲಿ ಗಂಟೆ ಬಾರಿಸುತ್ತದೆ. ಅಧ್ಯಕ್ಷತೆ ವಹಿಸಿದವರು ಮೊದಲ ಪ್ರಶ್ನೆಯನ್ನು ಹಿಂದಿನ ಸಾಲಿನ ಕಿರಿಯರಿಂದ, ಸಾಧ್ಯವಾದರೆ ಒಬ್ಬ ವಿದ್ಯಾರ್ಥಿನಿಯಿಂದ ಪಡೆಯಲಿ. ಇದಕ್ಕೆ ಒಂದು ರೂಪಾಯಿಯ ಖರ್ಚೂ ಇಲ್ಲ.

ಪೋಸ್ಟರುಗಳ ವಿಷಯವನ್ನೂ ಹೇಳಿಬಿಡುತ್ತೇನೆ. ಈ ಸಲ ನಮ್ಮ ಪೋಸ್ಟರುಗಳನ್ನು ಊಟದ ಪಂಡಾಲಿನ ಹಿಂದೆ, ಜನರೇಟರಿನ ಪಕ್ಕದಲ್ಲಿ ತೂಗುಹಾಕಿದ್ದರು. ಅಮೆರಿಕದ ಮೈಕ್ ಮಾರಿಸನ್ ಎಂಬ ಸಂಶೋಧನಾ ವಿದ್ಯಾರ್ಥಿ 2019ರಲ್ಲಿ ಸೂಚಿಸಿದಂತೆ, ಪೋಸ್ಟರಿನ ನಡುವೆ ಮುಖ್ಯ ಫಲಿತಾಂಶವೊಂದನ್ನೇ ದೊಡ್ಡ ಅಕ್ಷರದಲ್ಲಿ ಬರೆದು ವಿವರವನ್ನು ಕ್ಯೂಆರ್ ಸಂಕೇತಕ್ಕೆ ಬಿಟ್ಟಿದ್ದೆ. ಅದನ್ನು ಓದಲು ಯಾರೂ ಆ ಕಡೆ ಬರಲಿಲ್ಲ.

ಮಾಜಿ ಸಂಘಟನಾ ಕಾರ್ಯದರ್ಶಿ:
ಜನರೇಟರಿನ ಪಕ್ಕದಲ್ಲಿ ಹಾಕಿದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಗೋರ್ಡನ್ ಸಮ್ಮೇಳನ ಸಣ್ಣ ಕೂಟ. ನಮ್ಮಲ್ಲಿ ಎಂಟುನೂರು ಜನ ಸೇರುತ್ತಾರೆ. ಅಷ್ಟು ಜನರನ್ನು ಕೂರಿಸಿಕೊಂಡು ಚರ್ಚೆ ಮಾಡಿಸುವುದು ಹೇಗೆ? ಮಳಿಗೆಗಳ ಆದಾಯ ಬಿಟ್ಟರೆ ಕೊರತೆಯನ್ನು ತುಂಬುವವರು ಯಾರು?

ಜಿಲ್ಲಾ ಶಾಖೆಯ ಖಜಾಂಚಿ:
ಹಣದ ಬಗ್ಗೆ ನಾನು ಉತ್ತರಿಸುತ್ತೇನೆ. ಕೇಂದ್ರದ ಔಷಧ ಇಲಾಖೆ 2024ರ ಮಾರ್ಚ್‌ನಲ್ಲಿ ಹೊರಡಿಸಿದ, ಔಷಧ ಕಂಪನಿಗಳ ಮಾರಾಟ ಪದ್ಧತಿಗಳ ಏಕರೂಪ ಸಂಹಿತೆಯ ಪ್ರಕಾರ, ಉಪನ್ಯಾಸಕರಾಗಿ ಬಂದವರನ್ನು ಬಿಟ್ಟು ಬೇರೆ ವೈದ್ಯರಿಗೆ ಕಂಪನಿಗಳು ಪ್ರಯಾಣದ ಖರ್ಚನ್ನಾಗಲಿ ಹೋಟೆಲ್ ವಾಸ್ತವ್ಯವನ್ನಾಗಲಿ ಕೊಡುವಂತಿಲ್ಲ. ಹಳೆಯ ಲೆಕ್ಕಾಚಾರ ಇನ್ನು ಬಹುಕಾಲ ನಡೆಯದು. ನಮ್ಮ ಶಾಖೆಯಲ್ಲಿ ಚೀಲ, ಹೊಳಪು ಕಾಗದದ ಸ್ಮರಣ ಸಂಚಿಕೆ, ರಾತ್ರಿಯ ಔತಣ ಮೂರನ್ನೂ ಕೈಬಿಟ್ಟು, ಮಧ್ಯಾಹ್ನ ಬಾಳೆಲೆ ಊಟವೊಂದನ್ನೇ ಚೆನ್ನಾಗಿ ಮಾಡಿಸಿದೆವು. ಶುಲ್ಕ ಏರಿಸಬೇಕಾಗಲಿಲ್ಲ, ಖರ್ಚುವೆಚ್ಚ ಸರಿಹೋಯಿತು.

ಇನ್ನೊಂದು ಮಾತು. ವಾರ್ಷಿಕ ಸರ್ವಸದಸ್ಯರ ಸಭೆಯನ್ನು ದಯವಿಟ್ಟು ಔತಣಕ್ಕೆ ಮುಂಚಿನ ಅರ್ಧ ಗಂಟೆಗೆ ತಳ್ಳಬೇಡಿ. ಲೆಕ್ಕಪತ್ರವನ್ನು ಹದಿನೈದು ದಿನ ಮೊದಲೇ ಸದಸ್ಯರಿಗೆ ಕಳುಹಿಸಿ, ಎರಡನೆಯ ದಿನ ಬೆಳಿಗ್ಗೆ ಸಭೆ ಕರೆದರೆ ಕೋರಂ ಕೊರತೆಯೂ ಇರುವುದಿಲ್ಲ, ಓದದೆ ಅನುಮೋದಿಸುವ ಪದ್ಧತಿಯೂ ನಿಲ್ಲುತ್ತದೆ.

ತಾಲ್ಲೂಕು ಆಸ್ಪತ್ರೆಯ ಮಕ್ಕಳ ವೈದ್ಯೆ:
ಎಂಟುನೂರು ಜನರ ಪ್ರಶ್ನೆಗೆ ನನಗೆ ತೋಚಿದ್ದು ಇಷ್ಟು. ಎಲ್ಲರೂ ಒಂದೇ ಕಡೆ ಚರ್ಚಿಸಬೇಕಾಗಿಲ್ಲ. ಮೊದಲ ದಿನ ಮಧ್ಯಾಹ್ನ ಎರಡೂವರೆಯಿಂದ ನಾಲ್ಕರವರೆಗೆ ಕಾಲೇಜಿನ ತರಗತಿ ಕೋಣೆಗಳನ್ನು ತೆರೆದಿಟ್ಟರೆ, ಒಂದೊಂದು ಕೋಣೆಯಲ್ಲಿ ಮೂವತ್ತು ಜನ ಒಂದೊಂದು ಪ್ರಕರಣವನ್ನು ಹಿಡಿದು ಕೂರಬಹುದು. ಪ್ರಕರಣದ ಒಂದು ಪುಟದ ಟಿಪ್ಪಣಿ ವಾರದ ಮೊದಲೇ ಎಲ್ಲರ ಕೈ ಸೇರಿರಲಿ, ಮಂಡಿಸುವವರು ಐದು ನಿಮಿಷಕ್ಕೆ ನಿಲ್ಲಿಸಲಿ. ಸನ್ಮಾನವನ್ನು ಅದೇ ದಿನ ಸಂಜೆ ಐದಕ್ಕೆ ಇಟ್ಟುಕೊಂಡು, ಸನ್ಮಾನಿತರ ಪರವಾಗಿ ಅವರ ಶಿಷ್ಯರೊಬ್ಬರು ಎರಡು ನಿಮಿಷ ಮಾತನಾಡಿದರೆ, ಹಸಿದು ಕುಳಿತ ಸಭೆಯ ಮುಂದೆ ಶಾಲು ಹೊದಿಸುವುದಕ್ಕಿಂತ ಅದು ಹೆಚ್ಚು ತುಂಬಿದ ಗೌರವವಾಗುತ್ತದೆಂದು ನನ್ನ ನಂಬಿಕೆ. ಆ ಪ್ರಾಧ್ಯಾಪಕರಲ್ಲಿ ಇಬ್ಬರು ನನಗೂ ಗುರುಗಳು, ಸರ್.

ಮಾಜಿ ಸಂಘಟನಾ ಕಾರ್ಯದರ್ಶಿ:
ಸನ್ಮಾನ ಸಂಜೆಗೆ ಹೋದರೆ ಗಣ್ಯರು ಬರುವರೇ ಎಂಬ ಅನುಮಾನ ನನಗೆ ಇನ್ನೂ ಇದೆ. ಉದ್ಘಾಟನೆಯನ್ನು ಬೆಳಿಗ್ಗೆಯೇ ಉಳಿಸಿಕೊಳ್ಳುವಂತೆ ನಾನು ವಾದಿಸುತ್ತೇನೆ, ಆದರೆ ನಲವತ್ತು ನಿಮಿಷಕ್ಕೆ ಮಿತಿಗೊಳಿಸಿ, ಅತಿಥಿ ಬಾರದಿದ್ದರೂ ನಿಗದಿತ ವೇಳೆಗೆ ಆರಂಭಿಸುವ ಷರತ್ತಿನೊಂದಿಗೆ. ಎರಡೂವರೆಯ ಕೋಣೆಗಳ ಸಲಹೆಯನ್ನು ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ನಾನೇ ಮಂಡಿಸುತ್ತೇನೆ. ತಮ್ಮ ಕಾಮಾಲೆಯ ಪ್ರಕರಣದ ಒಂದು ಪುಟವನ್ನು ಈಗಲೇ ಬರೆದು ಇಲ್ಲಿ ಹಾಕಿ, ಮೇಡಂ. ಮುಂದಿನ ಸಮ್ಮೇಳನದವರೆಗೆ ಕಾಯುವುದು ಬೇಡ. ರಕ್ತ ಬದಲಾಯಿಸುವ ವ್ಯವಸ್ಥೆ ಇಲ್ಲದ ಆಸ್ಪತ್ರೆಯಲ್ಲಿ ನಾನು ಹದಿನೇಳು ವರ್ಷ ಇದ್ದವನು. ಹೊರಡುವ ಮೊದಲು ಜಿಲ್ಲಾ ಆಸ್ಪತ್ರೆಗೆ ಏನೇನು ತಿಳಿಸುತ್ತಿದ್ದೆವು, ದಾರಿಯಲ್ಲಿ ಮಗುವಿಗೆ ಹಾಲು ಕುಡಿಸುವುದನ್ನೂ ಮೈ ಬೆಚ್ಚಗಿಡುವುದನ್ನೂ ಹೇಗೆ ನೋಡಿಕೊಳ್ಳುತ್ತಿದ್ದೆವು ಎಂಬುದನ್ನು ತಮ್ಮ ಟಿಪ್ಪಣಿಯ ಕೆಳಗೆ ಬರೆಯುತ್ತೇನೆ.