ಸಿನಿಮಾ, ಆಲ್ಬಂ ಸಾಂಗ್, ಜಾಹೀರಾತು: ಡೈರೆಕ್ಟರ್ ಆಗಲು ಎಲ್ಲಿಂದ ಶುರು ಮಾಡಲಿ? ಅನುಭವ ಇರುವವರು ಹೇಳಿ

ಪ್ರಶ್ನೆ (ತುಮಕೂರು)

ಎಲ್ಲರಿಗೂ ನಮಸ್ಕಾರ. ನನ್ನ ಬಿ.ಕಾಂ. ಮುಗಿದಿದೆ. ಅಣ್ಣನ ಸ್ಟುಡಿಯೋದಲ್ಲಿ ಮದುವೆ ವಿಡಿಯೋ ಮಾಡುತ್ತೇನೆ. ಶೂಟಿಂಗ್, ಎಡಿಟಿಂಗ್ ಎರಡೂ ನಾನೇ. ಡೈರೆಕ್ಟರ್ ಆಗಬೇಕು ಅಂತ ಆಸೆ. ಬೆಂಗಳೂರಿಗೆ ಹೋಗಿ ಸಿನಿಮಾದಲ್ಲಿ ಅಸಿಸ್ಟೆಂಟ್ ಆಗಿ ಸೇರಲಾ, ಜಾಹೀರಾತು ಕಡೆ ಹೋಗಲಾ, ಇಲ್ಲ ಇಲ್ಲೇ ಇದ್ದು ಆಲ್ಬಂ ಸಾಂಗ್ ಮಾಡಲಾ? ಕೋರ್ಸ್ ಮಾಡಲೇಬೇಕಾ? ಅಪ್ಪ ಒಂದು ವರ್ಷ ಟೈಮ್ ಕೊಟ್ಟಿದ್ದಾರೆ. ಆಮೇಲೆ ಬ್ಯಾಂಕ್ ಪರೀಕ್ಷೆಗೆ ಓದು ಅಂತಾರೆ.

ಉತ್ತರ (ಚಿಕ್ಕಬಳ್ಳಾಪುರ, ಈಗ ಬೆಂಗಳೂರಲ್ಲಿ ಜಾಹೀರಾತು ನಿರ್ದೇಶನ)

ಮೊದಲು ಒಂದು ಮಾತು. ಜಾಹೀರಾತು, ಹಾಡು, ಸಿನಿಮಾ ಈ ಮೂರೂ ಒಂದೇ ಏಣಿಯ ಮೆಟ್ಟಿಲು ಅಂದುಕೊಳ್ಳಬೇಡಿ. ಒಂದನ್ನು ಹತ್ತಿದರೆ ಇನ್ನೊಂದು ತಾನಾಗಿ ಸಿಗುವುದಿಲ್ಲ. ಒಂದೊಂದು ಒಂದೊಂದು ಕಲಿಸುತ್ತದೆ, ಒಂದೊಂದು ಒಂದೊಂದನ್ನು ಕಲಿಸದೆ ಬಿಡುತ್ತದೆ.

ಜಾಹೀರಾತಿನಿಂದ ಸಿನಿಮಾಕ್ಕೆ ಬಂದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ಅವರಿಗೆ ಹಿಡಿದ ಟೈಮ್ ನೋಡಿ. ಶ್ಯಾಮ್ ಬೆನಗಲ್ 1959ರಲ್ಲಿ ಬೊಂಬಾಯಿಯ ಲಿಂಟಾಸ್ ಜಾಹೀರಾತು ಏಜೆನ್ಸಿಗೆ ಕಾಪಿ (ಜಾಹೀರಾತಿನ ಮಾತು) ಬರೆಯಲು ಸೇರಿದರು. ಅವರ 'ಅಂಕುರ್' ಬಂದಿದ್ದು 1974ರಲ್ಲಿ. ಪ್ರದೀಪ್ ಸರ್ಕಾರ್ ಏಜೆನ್ಸಿ ಕೆಲಸ, ಜಾಹೀರಾತು, ಹಾಡಿನ ವಿಡಿಯೋ ಎಲ್ಲ ಮಾಡಿದವರು. 2005ರಲ್ಲಿ ಮೊದಲ ಸಿನಿಮಾ ಬಿಡುಗಡೆಯಾದಾಗ ಅವರ ವಯಸ್ಸು 50. ರಾಮ್ ಮಾಧ್ವಾನಿ ಅವರ ಮೊದಲ ಸಿನಿಮಾ 2002ರದು, 'ನೀರ್ಜಾ' 2016ರದು. ನಡುವೆ ಅವರು ಮಾಡಿದ್ದು ಹೆಚ್ಚಾಗಿ ಜಾಹೀರಾತೇ. ಜಲಂಧರ್‌ನಲ್ಲಿ ಹುಟ್ಟಿದ ತರ್ಸೇಮ್ ಸಿಂಗ್ 1991ರಲ್ಲಿ ಅಮೆರಿಕದ ಆರ್.ಇ.ಎಂ. ಬ್ಯಾಂಡ್‌ಗೆ ಮಾಡಿದ ಒಂದು ಹಾಡಿನ ವಿಡಿಯೋದಿಂದ ಹೆಸರು ಮಾಡಿದರು. ಸಿನಿಮಾ ಕೈಗೆ ಬಂದಿದ್ದು 2000ದಲ್ಲಿ. ಆಮೇಲೆ 'ದಿ ಫಾಲ್' ಚಿತ್ರಕ್ಕೆ ಜಾಸ್ತಿ ದುಡ್ಡು ತಾವೇ ಹಾಕಿದರು. ಜಾಹೀರಾತಿಗೆ ಅಂತ ದೇಶ ದೇಶ ತಿರುಗುವಾಗಲೇ ಅದರ ಜಾಗಗಳನ್ನೂ ನೋಡಿಟ್ಟುಕೊಂಡಿದ್ದರು.

ಅಂದರೆ ಜಾಹೀರಾತು ಹೊಟ್ಟೆಗೂ ಹಾಕುತ್ತದೆ, ಕೈಯನ್ನೂ ಪಳಗಿಸುತ್ತದೆ. ಸಿನಿಮಾ ಬೇಗ ಸಿಗುತ್ತದೆ ಅನ್ನುವ ಭರವಸೆ ಮಾತ್ರ ಕೊಡುವುದಿಲ್ಲ.

ಇಲ್ಲಿ ಕೆಲಸ ನಡೆಯುವ ರೀತಿ ಹೀಗೆ. ಏಜೆನ್ಸಿಯವರು ಒಂದು ಸ್ಕ್ರಿಪ್ಟನ್ನು ಎರಡು ಮೂರು ಪ್ರೊಡಕ್ಷನ್ ಹೌಸ್‌ಗೆ ಕಳಿಸುತ್ತಾರೆ. ಪ್ರತಿ ಡೈರೆಕ್ಟರೂ ಟ್ರೀಟ್‌ಮೆಂಟ್ ಬರೆದು ಕೊಡಬೇಕು. ಯಾವ ಥರದ ಮನೆ, ಯಾವ ಬೆಳಕು, ಎಂಥ ಮುಖ, ಯಾಕೆ ಅಂತ. ಕೆಲಸ ಸಿಗುವುದು ಇದರ ಮೇಲೆ ಮತ್ತು ರೇಟಿನ ಮೇಲೆ. ಆಮೇಲೆ ಕ್ಲೈಂಟ್ ಜೊತೆ ಪ್ರೀ-ಪ್ರೊಡಕ್ಷನ್ ಮೀಟಿಂಗ್. ಗೋಡೆ ಬಣ್ಣ, ಸೀರೆ, ಕಾಫಿ ಲೋಟ ಎಲ್ಲ ಅಲ್ಲೇ ತೀರ್ಮಾನ. ಶೂಟಿಂಗ್ ಒಂದೆರಡು ದಿನ, ಅಷ್ಟೇ. ಹಾಗಾಗಿ ಬರೆಯುವುದನ್ನು ಈಗಲೇ ಅಭ್ಯಾಸ ಮಾಡಿ. ಟಿ.ವಿ.ಯಲ್ಲಿ ಬರುವ ಯಾವುದಾದರೂ ಜಾಹೀರಾತು ತಗೊಳ್ಳಿ, ಅದನ್ನೇ ನೀವು ತೆಗೆದರೆ ಹೇಗೆ ತೆಗೆಯುತ್ತೀರಿ ಅಂತ ಎರಡು ಪುಟ ಬರೆಯಿರಿ. ನನ್ನ ಹತ್ತಿರ ಕೆಲಸ ಕೇಳಿಕೊಂಡು ಬರುವವರಲ್ಲಿ ಚೆನ್ನಾಗಿರುವ ಶೋರೀಲ್ (ತಮ್ಮ ಕೆಲಸದ ತುಣುಕುಗಳನ್ನು ಜೋಡಿಸಿದ ವಿಡಿಯೋ) ತುಂಬಾ ಜನರ ಹತ್ತಿರ ಇರುತ್ತದೆ. ಹೀಗೆ ಬರೆದು ತಂದವರು ಕಡಿಮೆ. ನಾನು ಕರೆಯುವುದು ಬರೆದವರನ್ನು.

ದೊಡ್ಡ ಕೆಲಸ ಅಂದರೆ ಮುಂಬೈ ಅಂತಲೂ ಅಂದುಕೊಳ್ಳಬೇಡಿ. 2009ರ ಐಪಿಎಲ್ ಸಮಯದಲ್ಲಿ ಬಂದ ವೊಡಾಫೋನ್ ಜೂಜೂ ಜಾಹೀರಾತು ನೆನಪಿದೆಯಾ? ಅನಿಮೇಷನ್ ಅಂತ ಎಷ್ಟೋ ಜನ ನಂಬಿದ್ದರು. ಬಿಳಿ ಉಡುಪಿನ ಒಳಗೆ ಇದ್ದವರು ಮನುಷ್ಯರೇ. ಅದನ್ನು ನಿರ್ದೇಶಿಸಿದ ಪ್ರಕಾಶ್ ವರ್ಮ ಅವರ ನಿರ್ವಾಣ ಫಿಲ್ಮ್ಸ್ ಇರುವುದು ಬೆಂಗಳೂರಲ್ಲಿ. ತುಮಕೂರಿನಿಂದ 70 ಕಿಲೋಮೀಟರ್.

ಉತ್ತರ (ಕೋಲಾರ, ಆಲ್ಬಂ ಸಾಂಗ್ ನಿರ್ದೇಶನ)

ನಾನು ಹಾಡಿನ ಕಡೆಯವಳು, ಅದಷ್ಟೇ ಹೇಳುತ್ತೇನೆ.

ಡೈಲಾಗ್ ಇಲ್ಲದೆ ಕಥೆ ಹೇಳುವುದನ್ನು ಹಾಡಿನಷ್ಟು ಚೆನ್ನಾಗಿ ಬೇರೆ ಯಾವುದೂ ಕಲಿಸುವುದಿಲ್ಲ. ಲಯ ತಪ್ಪಿದರೆ ಕಟ್ ಕಣ್ಣಿಗೆ ಚುಚ್ಚುತ್ತದೆ. ನಿಮಗೆ ಎಡಿಟಿಂಗ್ ಬರುತ್ತದೆ, ಅದು ದೊಡ್ಡ ಬಲ. ಒಂದು ಕೈಚಳಕ ಹೇಳಿಕೊಡುತ್ತೇನೆ, ಮನೆಯಲ್ಲೇ ಮಾಡಿ ನೋಡಿ. ಹಾಡನ್ನು ಎರಡರಷ್ಟು ಸ್ಪೀಡ್‌ನಲ್ಲಿ ಸ್ಪೀಕರ್‌ಗೆ ಹಾಕಿ. ಗಾಯಕಿ ಅದೇ ವೇಗಕ್ಕೆ ತುಟಿ ಆಡಿಸಬೇಕು. ಕ್ಯಾಮೆರಾ ಸೆಕೆಂಡಿಗೆ 48 ಫ್ರೇಮ್. ಎಡಿಟ್‌ನಲ್ಲಿ ಅದನ್ನು 24ಕ್ಕೆ ಇಳಿಸಿದರೆ ತುಟಿ ಸರಿಯಾಗಿ ಹಾಡಿಗೆ ಕೂರುತ್ತದೆ. ಸೆರಗು, ಕೂದಲು, ಹಿಂದೆ ಹಾರುವ ಧೂಳು ಮಾತ್ರ ನಿಧಾನಕ್ಕೆ ತೇಲುತ್ತವೆ. ಕಲಾವಿದರಿಗೆ ಹಿಂದಿನ ದಿನವೇ ಸ್ಪೀಡ್ ಟ್ರ್ಯಾಕ್ ಕಳಿಸಿ ಅಭ್ಯಾಸ ಮಾಡಿಸಿ. ಇಲ್ಲದಿದ್ದರೆ ಸೆಟ್‌ನಲ್ಲಿ ಅರ್ಧ ದಿನ ಹೋಗುತ್ತದೆ.

ಜಾನಪದ ಹಾಡು ಯಾರದ್ದೂ ಅಲ್ಲ, ಹಾಕಿಕೊಳ್ಳಬಹುದು ಅಂತ ತುಂಬಾ ಜನ ಹೇಳುತ್ತಾರೆ. ಹಳೆಯ ಪದ ಎಲ್ಲರದ್ದೂ ನಿಜ. ಆದರೆ ಯಾರೋ ವಾದ್ಯ ಸೇರಿಸಿ ರೆಕಾರ್ಡ್ ಮಾಡಿದ ಆಡಿಯೋ ಅವರದ್ದು. ಹೊಸದಾಗಿ ಹಾಡಿಸಿ, ಹಾಡಿದವರ ಹೆಸರು ಹಾಕಿ, ಅವರಿಗೆ ದುಡ್ಡು ಕೊಡಿ. ನಮ್ಮ ಕಡೆಯ ಹಳ್ಳಿ ಹೆಂಗಸರು ಬಾಯಲ್ಲಿ ಇಟ್ಟುಕೊಂಡು ಕಾಪಾಡಿದ ಪದಗಳಿಂದ ಬೇರೆಯವರು ಲಕ್ಷಗಟ್ಟಲೆ ವ್ಯೂಸ್ ತಗೊಂಡು, ಅವರಿಗೆ ಒಂದು ಸೀರೆಯನ್ನೂ ಕೊಡದೆ ಹೋಗಿದ್ದನ್ನು ನೋಡಿದ್ದೇನೆ. ತುಂಬಾ ಸಂಕಟವಾಗುತ್ತದೆ.

ಜಾಗದ ವಿಷಯ. 2018ರಲ್ಲಿ 'ಕೆಜಿಎಫ್' ಸಿನಿಮಾ ಬಂದ ಮೇಲೆ ಎಲ್ಲರಿಗೂ ನಮ್ಮ ಸೈನೈಡ್ ದಿಬ್ಬವೇ ಬೇಕು, ಅಂದರೆ ಚಿನ್ನ ತೆಗೆದ ಮೇಲೆ ಉಳಿದ ಪುಡಿ ಸುರಿದ ಗುಡ್ಡ. ಗಣಿ ಮುಚ್ಚಿದ್ದು 2001ರಲ್ಲಿ, ಜಾಗ ಈಗಲೂ ಗಣಿ ಕಂಪನಿಯದ್ದು. ಅನುಮತಿ ಇಲ್ಲದೆ ಹೋಗಬೇಡಿ. ಗಾಳಿ ಎದ್ದರೆ ಆ ಪುಡಿ ಕಣ್ಣು, ಮೂಗು, ಲೆನ್ಸ್ ಎಲ್ಲದರೊಳಗೂ ಹೋಗುತ್ತದೆ. ಸುತ್ತಮುತ್ತ ಬದುಕುವ ಜನ ದಿನಾ ಅದನ್ನೇ ಉಸಿರಾಡುತ್ತಾರೆ. ನಂದಿಬೆಟ್ಟ, ದೇವರಾಯನದುರ್ಗದಂಥ ಕಡೆಗೂ ಮೊದಲೇ ಅರ್ಜಿ ಹಾಕಿ. ಡ್ರೋನ್ ಹಾರಿಸುವುದಾದರೆ ಸರ್ಕಾರದ ಡಿಜಿಟಲ್ ಸ್ಕೈ ಮ್ಯಾಪ್‌ನಲ್ಲಿ ಆ ಜಾಗ ಯಾವ ಝೋನ್, ಹಾರಿಸಲು ಅನುಮತಿ ಬೇಕಾ ಅಂತ ನೋಡಿ.

ಉತ್ತರ (ತುಮಕೂರು, ಸಿನಿಮಾದಲ್ಲಿ ಅಸೋಸಿಯೇಟ್ ಡೈರೆಕ್ಟರ್)

ಮೇಲೆ ಇಬ್ಬರೂ ಬಿಟ್ಟ ಒಂದು ವಿಷಯ ಇದೆ, ನನಗೆ ಅದೇ ಮುಖ್ಯ. ಕಲಾವಿದರ ಜೊತೆ ಕೆಲಸ ಮಾಡುವುದು. ಜಾಹೀರಾತಿನಲ್ಲಿ ಒಂದು ನಗು, ಒಂದು ನೋಟ ಸಿಕ್ಕರೆ ಸಾಕು. ಹಾಡಿನಲ್ಲೂ ಅಷ್ಟೆ. ಮೂರು ನಿಮಿಷದ ಒಂದು ಸೀನ್‌ನಲ್ಲಿ ಇಬ್ಬರು ಕೂತು ಮಾತಾಡಬೇಕು, ನೋಡುವವರು ಕದಲಬಾರದು. ಅದು ಸಿನಿಮಾ. ಚಂದದ ಶಾಟ್ ಇಟ್ಟು, ನಟರಿಗೆ ಏನು ಹೇಳಬೇಕು ಅಂತ ತಿಳಿಯದೆ ನಿಂತುಬಿಟ್ಟ ಹೊಸ ಡೈರೆಕ್ಟರ್‌ಗಳನ್ನು ಕಂಡಿದ್ದೇನೆ.

ಇದನ್ನು ಕಲಿಯಲು ತುಮಕೂರು ಬಿಟ್ಟು ಹೋಗಬೇಕಿಲ್ಲ ತಮ್ಮಾ. ಗುಬ್ಬಿ ವೀರಣ್ಣನವರ ಜಿಲ್ಲೆ ಇದು. ಈಗಲೂ ಹಳ್ಳಿ ಹಳ್ಳಿಯಲ್ಲಿ ಕುರುಕ್ಷೇತ್ರ ನಾಟಕ ಕಟ್ಟುತ್ತಾರೆ. ರಾತ್ರಿ ಪ್ರಾಕ್ಟೀಸ್‌ಗೆ ಹೋಗಿ ಕೂತುಕೊಳ್ಳಿ. ಮೇಷ್ಟ್ರು ಹಾರ್ಮೋನಿಯಂ ಮುಂದೆ ಕೂತಿರುತ್ತಾರೆ. ಎದುರಿಗೆ ದುರ್ಯೋಧನನ ಪಾತ್ರದವರು, ಆಗ ತಾನೇ ಹಾಲು ಹಾಕಿ ಬಂದವರು. ಅವರು ಮಾತು ತಪ್ಪಿದಾಗ ಮೇಷ್ಟ್ರು ಬೈಯುವುದಿಲ್ಲ. "ನಿನ್ನ ಹೊಲದ ಬದು ಯಾರಾದರೂ ಒತ್ತಿದರೆ ಹೆಂಗೆ ಕೇಳ್ತೀಯಾ? ಹಂಗೆ ಕೇಳು" ಅನ್ನುತ್ತಾರೆ. ಮರುಕ್ಷಣ ಧ್ವನಿಯೇ ಬೇರೆ. ನಾನು ಯಾವ ಸೆಟ್‌ನಲ್ಲೂ ಇದಕ್ಕಿಂತ ಒಳ್ಳೆಯ ಪಾಠ ನೋಡಿಲ್ಲ.

ಕೋರ್ಸ್ ಕಡ್ಡಾಯವೇನಲ್ಲ. ಆದರೆ ಸಾಧ್ಯವಿದ್ದರೆ ಪುಣೆಯ ಸರ್ಕಾರಿ ಫಿಲ್ಮ್ ಇನ್‌ಸ್ಟಿಟ್ಯೂಟ್ ಎಫ್‌ಟಿಐಐಗೆ ಪ್ರವೇಶ ಪರೀಕ್ಷೆ ಬರೆಯಿರಿ, ಡಿಗ್ರಿ ಸಾಕು. ಗಿರೀಶ್ ಕಾಸರವಳ್ಳಿ ಫಾರ್ಮಸಿ ಓದಿ ಅಲ್ಲಿಗೆ ಹೋದವರು, ಅವರ 1977ರ 'ಘಟಶ್ರಾದ್ಧ'ಕ್ಕೆ ದೇಶದ ಅತ್ಯುತ್ತಮ ಚಿತ್ರಕ್ಕೆ ಕೊಡುವ ಸ್ವರ್ಣಕಮಲ ಬಂತು. ಕ್ಯಾಮೆರಾ ಅಥವಾ ಸೌಂಡ್ ಕಡೆ ಒಲವಿದ್ದರೆ ಹೆಸರಘಟ್ಟದ ಸರ್ಕಾರಿ ಸಂಸ್ಥೆಯಲ್ಲಿ ಡಿಪ್ಲೊಮಾ ಇದೆ. ದುಬಾರಿ ಖಾಸಗಿ ಕೋರ್ಸಿಗೆ ಸೇರುವ ಮೊದಲು ಅಲ್ಲಿ ಓದಿದವರು ಈಗ ಏನು ಮಾಡುತ್ತಿದ್ದಾರೆ ಅಂತ ಕೇಳಿ.

ಸ್ಟುಡಿಯೋ ಕೆಲಸ ಬಿಡಬೇಡಿ. ಅಸಿಸ್ಟೆಂಟ್‌ಗೆ ಶುರುವಿನಲ್ಲಿ ಬರುವ ದುಡ್ಡಿನಲ್ಲಿ ಬೆಂಗಳೂರಿನ ರೂಮ್ ಬಾಡಿಗೆ ಕಟ್ಟುವುದು ಕಷ್ಟ. ಆಷಾಢ, ಪಿತೃಪಕ್ಷ, ಧನುರ್ಮಾಸದಲ್ಲಿ ಮದುವೆ ಇರುವುದಿಲ್ಲ, ಅಲ್ವಾ? ಕ್ಯಾಮೆರಾ ಸುಮ್ನೆ ಕೂತಿರುತ್ತದೆ. ನಿಮ್ಮ ಕಿರುಚಿತ್ರಕ್ಕೆ ಅದೇ ಟೈಮ್. ಇಬ್ಬರು ಕಲಾವಿದರು, ಒಂದು ಮನೆ, ಹತ್ತು ನಿಮಿಷ. ಅದನ್ನು ಅಪ್ಪನಿಗೂ ತೋರಿಸಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಾಟಕದ ಪ್ರಾಕ್ಟೀಸ್ ನಮ್ಮ ಅಜ್ಜಿ ಊರಲ್ಲೇ ನಡೆಯುತ್ತದೆ, ಹೋಗುತ್ತೇನೆ. ಇನ್ನೊಂದು ವಿಷಯ. ಇಲ್ಲಿನ ಸೀರೆ ಅಂಗಡಿಯವರು 30 ಸೆಕೆಂಡ್ ಜಾಹೀರಾತು ಕೇಳಿದ್ದಾರೆ. ಥಿಯೇಟರ್‌ನಲ್ಲೂ ಹಾಕುತ್ತಾರಂತೆ. ಒಪ್ಪಿಕೊಳ್ಳಲಾ?

ಉತ್ತರ (ಚಿಕ್ಕಬಳ್ಳಾಪುರ)

ಖಂಡಿತ ಒಪ್ಪಿಕೊಳ್ಳಿ. ಅಂಗಡಿಯವರು ರೇಷ್ಮೆ, ಕಾಟನ್, ಮಕ್ಕಳ ಬಟ್ಟೆ, ಆಫರ್, ಮೂರು ಬ್ರಾಂಚ್ ಎಲ್ಲ ಬೇಕು ಅನ್ನುತ್ತಾರೆ. ಹೆಸರು, ವಿಳಾಸಕ್ಕೆ ಕೊನೆಯ ನಾಲ್ಕು ಸೆಕೆಂಡ್ ಹೋಗುತ್ತದೆ. ಉಳಿದಿದ್ದು 26. ವಾಯ್ಸ್ ಓವರ್ ಬರೆದು, ಅವರ ಎದುರಿಗೇ ಗಡಿಯಾರ ಇಟ್ಟು ಓದಿ ತೋರಿಸಿ. ಏನು ಬಿಡಬೇಕು ಅಂತ ಅವರೇ ಹೇಳುತ್ತಾರೆ.

ಥಿಯೇಟರ್‌ಗೆ ಹಾಕಲು ಸೆನ್ಸಾರ್ ಸರ್ಟಿಫಿಕೇಟ್ ಬೇಕು. ಅದರ ಖರ್ಚು ಯಾರದ್ದು ಅಂತ ಮೊದಲೇ ಬರೆಸಿಕೊಳ್ಳಿ. ಅರ್ಧ ದುಡ್ಡು ಅಡ್ವಾನ್ಸ್. ಎಷ್ಟು ಸಲ ಬದಲಾವಣೆ ಅನ್ನುವುದೂ ಅದೇ ಹಾಳೆಯಲ್ಲಿ ಇರಲಿ. ನೋಡಲು ಕಳಿಸುವ ಕಾಪಿಯ ಮೇಲೆ ಸ್ಟುಡಿಯೋ ಹೆಸರು ದಪ್ಪಗೆ ಇರಲಿ, ಬಾಕಿ ಬಂದ ಮೇಲೆ ಫೈನಲ್ ಫೈಲ್. ಸ್ಕ್ರಿಪ್ಟ್ ಬರೆದ ಮೇಲೆ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.