ಸ್ಟೈಲೋಮಾಸ್ಟಾಯ್ಡ್ ರಂಧ್ರದ ದೂರವನ್ನು ಯಾವ ಗುರುತಿನಿಂದ ಅಳೆಯಬೇಕು?

ಪ್ರಶ್ನೆ:
ನಮಸ್ಕಾರ. ನಾನು ಅಂಗರಚನಾಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ. ಮುಖದ ನರ ತಲೆಬುರುಡೆಯಿಂದ ಹೊರಬೀಳುವ ಸ್ಟೈಲೋಮಾಸ್ಟಾಯ್ಡ್ ರಂಧ್ರವು ಮಾಸ್ಟಾಯ್ಡ್ ಮೂಳೆಯ (ಕಿವಿಯ ಹಿಂದಿನ ಮೂಳೆಯುಬ್ಬು) ತುದಿಯಿಂದ ಎಷ್ಟು ದೂರದಲ್ಲಿದೆ ಎಂಬುದನ್ನು ಒಣ ಬುರುಡೆಗಳಲ್ಲಿ ಅಳೆಯುತ್ತಿದ್ದೇನೆ. ಡಿಜಿಟಲ್ ವರ್ನಿಯರ್ ಕ್ಯಾಲಿಪರ್ 0.01 ಮಿ.ಮೀ.ವರೆಗೂ ತೋರಿಸುತ್ತದೆಯಾದರೂ, ಒಂದೇ ಬುರುಡೆಯ ಒಂದೇ ಬದಿಯನ್ನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅಳೆದರೆ 1 ಮಿ.ಮೀ.ಗೂ ಹೆಚ್ಚು ವ್ಯತ್ಯಾಸ ಬರುತ್ತಿದೆ. ತುದಿ ದುಂಡಗಿರುವುದರಿಂದ ಕ್ಯಾಲಿಪರಿನ ಮೊನೆಯನ್ನು ಎಲ್ಲಿ ಊರಬೇಕೆಂಬುದೇ ಖಚಿತವಾಗುತ್ತಿಲ್ಲ. ಪರೋಟಿಡ್ ಗ್ರಂಥಿಯ (ಕಿವಿಯ ಮುಂದಿನ, ಮುಖದ ನರ ಹಾದುಹೋಗುವ ಜೊಲ್ಲುಗ್ರಂಥಿ) ಶಸ್ತ್ರಚಿಕಿತ್ಸೆ ಮಾಡುವವರಿಗೆ ಈ ಅಳತೆಯಿಂದ ಪ್ರಯೋಜನವಿದೆಯೇ, ಅಥವಾ ನಾನು ಬೇರೆ ಗುರುತನ್ನು ಆರಿಸಿಕೊಳ್ಳಬೇಕೇ?

ಉತ್ತರ 1 (ಕಿವಿ, ಮೂಗು, ಗಂಟಲು ಶಸ್ತ್ರಚಿಕಿತ್ಸಕ):
ಮಾಸ್ಟಾಯ್ಡ್ ತುದಿಯ ಗಾತ್ರ ಒಬ್ಬರಿಂದೊಬ್ಬರಿಗೆ ಬಹಳ ಬದಲಾಗುತ್ತದೆ, ಮೇಲಾಗಿ ಅದಕ್ಕೆ ಕತ್ತಿನ ದೊಡ್ಡ ಸ್ನಾಯು ಅಂಟಿಕೊಂಡಿರುತ್ತದೆ. ಆದ್ದರಿಂದ ನಾನು ಅದನ್ನು ದಿಕ್ಕು ತಿಳಿಯಲು ಮಾತ್ರ ಬಳಸುತ್ತೇನೆ. ನನ್ನ ನಂಬಿಕೆ ಟಿಂಪಾನೋಮಾಸ್ಟಾಯ್ಡ್ ಸಂಧಿರೇಖೆಯ ಮೇಲೆ, ಅಂದರೆ ಕಿವಿಯ ನಾಳದ ಮೂಳೆ ಮಾಸ್ಟಾಯ್ಡ್ ಮೂಳೆಯನ್ನು ಸೇರುವ ಗೆರೆಯ ಮೇಲೆ. ಗ್ರಂಥಿಯನ್ನು ಮುಂದಕ್ಕೆ ಸರಿಸಿ, ಕಿವಿಯ ನಾಳದ ಮೂಳೆಯ ಕೆಳಗೆ ಬೆರಳಾಡಿಸಿದರೆ ಒಂದು ಸಣ್ಣ ಕಣಿವೆ ತುದಿಬೆರಳಿಗೆ ಸಿಗುತ್ತದೆ. ಅದರ ಕೆಳತುದಿಯಿಂದ ಸಾಮಾನ್ಯವಾಗಿ 6ರಿಂದ 8 ಮಿ.ಮೀ. ಆಳದಲ್ಲಿ ನರವಿರುತ್ತದೆ. ಕಿವಿಯ ಮುಂದಿನ ಮೃದ್ವಸ್ಥಿಯ ಮೊನೆಯಿಂದ ಸುಮಾರು 1 ಸೆಂ.ಮೀ. ಆಳ ಎಂದು ಪಾಠದಲ್ಲಿ ಕಲಿಯುತ್ತೇವೆ, ಆದರೆ ಎಳೆದು ಹಿಡಿದಾಗ ಆ ಮೊನೆ ಜಾಗ ಬಿಟ್ಟು ಸರಿಯುತ್ತದೆ, ಮೂಳೆ ಸರಿಯುವುದಿಲ್ಲ. ಒಣ ಬುರುಡೆಯ ಅಳತೆಗೆ ಬೆಲೆ ಬರುವುದು ಇಲ್ಲಿಯೇ. ಸ್ಟೈಲಾಯ್ಡ್ ಮುಳ್ಳು (ಬುರುಡೆಯ ತಳದಿಂದ ಕೆಳಕ್ಕೆ ಚಾಚಿದ ಚೂಪು ಮೂಳೆ) ಕೈಗೆ ಸಿಕ್ಕಿತೆಂದರೆ ಎಚ್ಚರವಾಗಬೇಕು, ಏಕೆಂದರೆ ನರ ಅದರ ಹೊರಬದಿಯಲ್ಲಿದೆ. ನಾವು ಆಗಲೇ ನರದ ಮಟ್ಟವನ್ನು ದಾಟಿ ಒಳಗೆ ಹೋಗಿರುತ್ತೇವೆ.

ಇನ್ನೊಂದು ಕೋರಿಕೆ: ಸರಾಸರಿಯ ಜೊತೆಗೆ ಕನಿಷ್ಠ ಮತ್ತು ಗರಿಷ್ಠ ಅಳತೆಗಳನ್ನೂ ದಯವಿಟ್ಟು ಕೊಡಿ. ಮೇಜಿನ ಮೇಲೆ ಮಲಗಿರುವ ರೋಗಿಯ ನರ ಸರಾಸರಿಯಲ್ಲೇ ಇರಬೇಕೆಂದೇನಿಲ್ಲ.

ಉತ್ತರ 2 (ಅಂಗರಚನಾಶಾಸ್ತ್ರ ಬೋಧಕಿ):
ವ್ಯತ್ಯಾಸಕ್ಕೆ ಕಾರಣ ಉಪಕರಣವಲ್ಲ, ಬಿಂದುವಿನ ವ್ಯಾಖ್ಯೆ. ಕಣ್ಣುಗೂಡಿನ ಕೆಳ ಅಂಚು ಮತ್ತು ಕಿವಿರಂಧ್ರದ ಮೇಲಂಚು ಒಂದೇ ಮಟ್ಟಕ್ಕೆ ಬರುವಂತೆ, ಅಂದರೆ ಫ್ರಾಂಕ್‌ಫರ್ಟ್ ಸಮತಲದಲ್ಲಿ, ಬುರುಡೆಯನ್ನು ನಿಲ್ಲಿಸಿ. ಆಗ ಎಲ್ಲಕ್ಕಿಂತ ಕೆಳಗಿರುವ ಬಿಂದುವೇ ತುದಿ ಎಂದು ನಿಗದಿಪಡಿಸಿ, ಪೆನ್ಸಿಲಿನಿಂದ ಗುರುತು ಹಾಕಿ, ಅನಂತರವೇ ಅಳೆಯಿರಿ. ರಂಧ್ರದ ವಿಷಯದಲ್ಲೂ ಹಾಗೆಯೇ: ಅದರ ಮಧ್ಯವನ್ನೋ ಹೊರ ಅಂಚನ್ನೋ ಒಂದನ್ನು ಆರಿಸಿ ಕೊನೆಯವರೆಗೂ ಬದಲಾಯಿಸಬೇಡಿ. ಎರಡನೆಯ ಬಾರಿ ಅಳೆಯುವಾಗ ಮೊದಲಿನ ಅಂಕಿಗಳು ಕಣ್ಣಿಗೆ ಬೀಳಬಾರದು.

ಡೈಗ್ಯಾಸ್ಟ್ರಿಕ್ ತೋಡನ್ನು (ಮಾಸ್ಟಾಯ್ಡ್ ತುದಿಯ ಒಳಬದಿಯ ತೋಡು) ಹಿಂದಿನಿಂದ ಮುಂದಕ್ಕೆ ಅನುಸರಿಸಿದರೆ ಅದರ ಮುಂತುದಿಯಲ್ಲಿ ರಂಧ್ರ ಸಿಗುತ್ತದೆ. ಆ ಸಂಬಂಧವನ್ನೂ ದಾಖಲಿಸಿ. ಶಿಶುಗಳ ಬುರುಡೆಗಳಿದ್ದರೆ ಬೇರೆಯಾಗಿಡಿ, ಏಕೆಂದರೆ ಹುಟ್ಟುವಾಗ ಮಾಸ್ಟಾಯ್ಡ್ ಮುಂಚಾಚು ಬೆಳೆದಿರುವುದಿಲ್ಲ ಮತ್ತು ನರ ಚರ್ಮಕ್ಕೆ ತೀರಾ ಹತ್ತಿರದಲ್ಲಿರುತ್ತದೆ. ದೊಡ್ಡವರಿಗೆ ಹಾಕುವ ಗೀರನ್ನು ಕಿವಿಯ ಹಿಂದೆ ಹಾಗೆಯೇ ಹಾಕಿದರೆ ಮಗುವಿನ ಮುಖದ ಅರ್ಧಭಾಗ ಚಲನೆ ಕಳೆದುಕೊಳ್ಳಬಹುದು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಸಂಧಿರೇಖೆಯಿಂದ ಅಳೆಯಲು ಆರಂಭಿಸುತ್ತೇನೆ. ನಮ್ಮಲ್ಲಿನ ಬಹಳಷ್ಟು ಬುರುಡೆಗಳಲ್ಲಿ ಸ್ಟೈಲಾಯ್ಡ್ ಮುಳ್ಳು ಮುರಿದಿದೆ, ಅವನ್ನು ಕೈಬಿಡಬೇಕೇ? ಮೂಳೆಯೊಳಗಿನ ನರನಾಳವನ್ನೂ ಇದೇ ಅಧ್ಯಯನಕ್ಕೆ ಸೇರಿಸಬಹುದೇ?

ಉತ್ತರ 2:
ಬುಡ ಉಳಿದಿದ್ದರೆ ಸಾಕು, ಅಲ್ಲಿಂದಲೇ ಅಳೆಯಿರಿ. ರಂಧ್ರ ಆ ಬುಡದ ಹಿಂದೆಯೇ ಇರುತ್ತದೆ. ಒಳನಾಳವನ್ನು ಕ್ಯಾಲಿಪರಿನಿಂದ ಅಳೆಯಲಾಗದು. ಅದರ ಲ್ಯಾಬಿರಿಂಥೈನ್ ಭಾಗವು (ಒಳಕಿವಿಯ ಪಕ್ಕದ ಮೊದಲ ತುಂಡು) 3ರಿಂದ 5 ಮಿ.ಮೀ. ಉದ್ದವಷ್ಟೇ, ಅದರ ಆರಂಭದ ಬಾಯಿ 1 ಮಿ.ಮೀ.ಗಿಂತಲೂ ಕಿರಿದು. ಅದಕ್ಕೆ ಸೂಕ್ಷ್ಮ ಸಿ.ಟಿ. ಸ್ಕ್ಯಾನ್ ಬೇಕು, ಅದನ್ನು ಪ್ರತ್ಯೇಕ ಅಧ್ಯಯನವಾಗಿ ಕೈಗೆತ್ತಿಕೊಳ್ಳಿ.